ಹಳೆಯ ಜೀಪುಗಳ ಟ್ರಾನ್ಸ್‌ಫರ್ ಪೆಟ್ಟಿಗೆಯಲ್ಲಿ ತೋರುವ ದೋಷಗಳೂ ಅವುಗಳನ್ನು ಕಂಡುಹಿಡಿಯುವ ಕ್ರಮವೂ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಜಮೀನುದಾರರಲ್ಲಿ ಹಳೆಯ ಜೀಪನ್ನು ಜೋಪಾನವಾಗಿಟ್ಟುಕೊಂಡು ಬೇಸಾಯದ ಕೆಲಸಕ್ಕೆ ಬಳಸುತ್ತಿರುವವರು ಇಂದಿಗೂ ಉಂಟು. ಈ ಸೀಮೆಯಲ್ಲಿ ಮಳೆಯು ವರ್ಷದಲ್ಲಿ ಎರಡಾವರ್ತಿ ಬಲವಾಗಿ ಬೀಳುವುದಷ್ಟೆ. ಮೇ ತಿಂಗಳ ಸುಮಾರಿಗೆ ಒಂದು ಸಲ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಂದು ಸಲ. ಆಗ ಎರೆಭೂಮಿಯ ಬಂಡಿಜಾಡುಗಳು ಅಂಟುಕೆಸರಾಗಿ, ಹಿಂದಿನ ಎರಡು ಚಕ್ರಗಳಿಂದ ಮಾತ್ರ ನಡೆಯುವ ವಾಹನವು ಇದ್ದಲ್ಲಿಯೇ ಹೂತುಕೊಳ್ಳುವುದು. ಗೊಬ್ಬರವನ್ನು ಹೊಲಕ್ಕೆ ಮುಟ್ಟಿಸುವುದಕ್ಕೂ, ಅರಿಸಿನ, ಬಾಳೆ, ಚೆಂಡುಹೂಗಳನ್ನು ಹೊಲದಿಂದ ರಸ್ತೆಗೆ ತರುವುದಕ್ಕೂ ನಾಲ್ಕು ಚಕ್ರಗಳ ಎಳೆತವಿರುವ ಜೀಪು ಉಪಯುಕ್ತವಾಗಿರುವುದು ಈ ಕಾರಣದಿಂದಲೇ.

ಈ ವಾಹನಗಳಲ್ಲಿ ಯಾವ ಭಾಗದಿಂದ ಸದ್ದು ಬಂದರೂ, ಯಾವ ಲಿವರು ಸಿಕ್ಕಿಕೊಂಡರೂ, “ಪೆಟ್ಟಿಗೆ ಹೋಯಿತು” ಎಂದು ತೀರ್ಮಾನಿಸಿ ಅದನ್ನು ಇಳಿಸಿ ಬಿಚ್ಚಿಬಿಡುವ ರೂಢಿಯು ಬೆಳೆದುಬಂದಿದೆ. ಒಮ್ಮೆ ಬಿಚ್ಚಿದ ಪೆಟ್ಟಿಗೆಗೆ ಹಳೆಯ ಮಾದರಿಯ ಬಿಡಿಭಾಗಗಳು ಸಿಕ್ಕುವವರೆಗೂ ವಾಹನವು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಬಿತ್ತನೆಯ ಹದವಾಗಲಿ ಕೊಯ್ಲಿನ ಕಾಲವಾಗಲಿ ಕಳೆದುಹೋಗಬಹುದು. ದೋಷವು ಪೆಟ್ಟಿಗೆಯ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ಒಂದು ಬೆಳಗಿನ ಹೊತ್ತಿನಲ್ಲಿ, ನಾಲ್ಕಾರು ಉಪಕರಣಗಳಿಂದ, ಮಾಲೀಕರೇ ಬಹುಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದಾಗಿದೆ. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಜೀಪೆಂಬ ವಾಹನವು 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳ ಕಾರ್ಖಾನೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಯುದ್ಧವು ಮುಗಿದ 1945ನೆಯ ಇಸವಿಯಲ್ಲಿಯೇ ವಿಲ್ಲಿಸ್ ಕಂಪೆನಿಯವರು ಇದನ್ನು ರೈತರ ವಾಹನವೆಂದು ಸಿ.ಜೆ. 2ಎ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಹಿಂಬದಿಯಲ್ಲಿ ಯಂತ್ರಗಳನ್ನು ತಿರುಗಿಸುವ ಪವರ್ ಟೇಕಾಫ್ ಸಲಕರಣೆಯನ್ನೂ ಅದಕ್ಕೆ ಜೋಡಿಸಬಹುದಾಗಿತ್ತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು 1940ರ ದಶಕದ ಕೊನೆಯಲ್ಲಿ ಜೀಪುಗಳನ್ನು ಜೋಡಿಸಲಾರಂಭಿಸಿ, ಮುಂದೆ ಸಿ.ಜೆ. 3ಬಿ ಮಾದರಿಯನ್ನು ಬಹುಕಾಲ ತಯಾರಿಸಿದರು. ಈ ಮಾದರಿಗಳಲ್ಲಿದ್ದುದು ಸ್ಪೈಸರ್ 18 ಎಂಬ ಪೆಟ್ಟಿಗೆ. ಮುಂದೆ ಹೇಳುವ ವಿಷಯಗಳು ಮುಖ್ಯವಾಗಿ ಇದಕ್ಕೆ ಸಂಬಂಧಿಸಿದವು.

ಈ ಪೆಟ್ಟಿಗೆಯ ಕೆಲಸವಾದರೂ ಏನು? ಎಂಜಿನ್ನಿನ ಬಲವು ಗೇರ್ ಬಾಕ್ಸಿನ ಮೂಲಕ ಹಾಯ್ದು ಬಂದು ಇದರೊಳಗಿನ ಮೇಲಿನ ಹಲ್ಲುಚಕ್ರವನ್ನು ತಿರುಗಿಸುವುದು. ಅದು ನಡುವಿನ ಜೋಡಿ ಹಲ್ಲುಚಕ್ರವನ್ನೂ, ನಡುವಿನದು ಕೆಳಗಿನ ದಂಡವನ್ನೂ ತಿರುಗಿಸುವುವು. ಕೆಳಗಿನ ದಂಡದಿಂದ ಹಿಂದಿನ ಅಚ್ಚಿಗೆ ಬಲವು ಸದಾ ಹೋಗುತ್ತಿರುತ್ತದೆ; ಮುಂದಿನ ಅಚ್ಚಿಗೆ ಬೇಕಾದಾಗ ಮಾತ್ರ ಒಂದು ಲಿವರಿನಿಂದ ಸೇರಿಸಿಕೊಳ್ಳಬೇಕು. ಎರಡನೆಯ ಲಿವರು ವೇಗದ ಓಟವೋ ನಿಧಾನದ ಓಟವೋ ಎಂಬುದನ್ನು ಗೊತ್ತುಮಾಡುವುದು. ಈ ಎರಡಕ್ಕೂ ನಡುವೆ ನ್ಯೂಟ್ರಲ್ ಸ್ಥಾನವುಂಟು. ಬೇಸಾಯದ ಜೀಪಿನಲ್ಲಿ ನಿಧಾನದ ಓಟವನ್ನು ಹಾಕಿ ಒಂದನೆಯ ಗೇರಿನಲ್ಲಿ ನಡೆಸಿದರೆ, ಎಂಜಿನ್ನು ಸುಮಾರು 37 ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುವುದು. ಎಳೆತದ ಬಲವು ಇದರಿಂದಲೇ ಹುಟ್ಟುವುದು.

ಇಷ್ಟು ಬಲವು ಹಿಂದಿನ ಅಚ್ಚೊಂದರ ಮೇಲೆಯೇ ಬಿದ್ದರೆ ಅದು ಮುರಿಯುವ ಭಯವಿರುವುದರಿಂದ, ಮುಂದಿನ ಅಚ್ಚನ್ನು ಸೇರಿಸಿಕೊಳ್ಳದ ಹೊರತು ನಿಧಾನದ ಓಟಕ್ಕೆ ಲಿವರು ಬೀಳದಂತೆ ಒಳಗೆ ಒಂದು ತಡೆಯನ್ನಿಟ್ಟಿರುತ್ತಾರೆ. ಇದನ್ನರಿಯದ ಕೆಲವರು “ಲಿವರು ಬೀಳುತ್ತಿಲ್ಲ” ಎಂದು ದೂರುವುದುಂಟು. ಅದು ದೋಷವಲ್ಲ. ಆ ತಡೆಯನ್ನು ತೆಗೆಸಿಹಾಕುವ ಸಲಹೆಯನ್ನು ಯಾರಾದರೂ ಕೊಟ್ಟರೆ ಬೇಸಾಯದ ವಾಹನದ ಮಾಲೀಕರು ಅದಕ್ಕೆ ಒಪ್ಪಕೂಡದು.

ಎಲ್ಲಕ್ಕಿಂತಲೂ ಹೆಚ್ಚಾಗಿ ತಪ್ಪು ತಿಳಿವಳಿಕೆಗೆ ಎಡೆಯಾಗಿರುವುದು, ಕೆಸರನ್ನು ದಾಟಿ ಗಟ್ಟಿ ರಸ್ತೆಗೆ ಬಂದ ಮೇಲೆ ಮುಂದಿನ ಅಚ್ಚಿನ ಲಿವರು ಬಿಡಿಸಲಾಗದಂತೆ ಕಚ್ಚಿಕೊಳ್ಳುವ ವಿಚಾರ. ಇದರ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಜೋಡೆತ್ತಿನ ಬಂಡಿಯನ್ನು ತಿರುಗಿಸುವಾಗ ಹೊರಗಿನ ಎತ್ತು ಹೆಚ್ಚು ದೂರ ನಡೆಯುವುದನ್ನೂ ಒಳಗಿನದು ನಿಂತಲ್ಲಿಯೇ ಹೆಜ್ಜೆಯಿಡುವುದನ್ನೂ ಎಲ್ಲರೂ ಬಲ್ಲರು. ಅದರಂತೆಯೇ ಜೀಪು ತಿರುವಿನಲ್ಲಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಓಡುವುವು. ಒಂದೇ ಅಚ್ಚಿನ ಎಡಬಲ ಚಕ್ರಗಳ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೆ ಡಿಫರೆನ್ಷಿಯಲ್ ಇದೆ. ಆದರೆ ಹಿಂದುಮುಂದಿನ ಅಚ್ಚುಗಳ ನಡುವೆ ಈ ಹಳೆಯ ಜೀಪುಗಳಲ್ಲಿ ಅಂಥ ಏರ್ಪಾಡಿಲ್ಲ. ಕೆಸರಿನಲ್ಲಿಯೋ ಉತ್ತ ಹೊಲದಲ್ಲಿಯೋ ಚಕ್ರವು ಅಷ್ಟಿಷ್ಟು ಜಾರಿ ವ್ಯತ್ಯಾಸವು ತೀರಿಹೋಗುವುದು. ಡಾಮರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲವಾದ್ದರಿಂದ, ಆ ವ್ಯತ್ಯಾಸವೆಲ್ಲವೂ ಹಗ್ಗಕ್ಕೆ ಹುರಿ ಹಾಕಿದಂತೆ ದಂಡಗಳೊಳಗೆ ಸೇರಿಕೊಂಡು, ಹಲ್ಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಲಿವರು ಬಿಗಿದುಕೊಳ್ಳುವುದು ಆದುದರಿಂದಲೇ.

ತಿರುವೇ ಇಲ್ಲದ ನೆಟ್ಟನೆಯ ದಾರಿಯಲ್ಲಿಯೂ ಹೀಗಾಗುವುದುಂಟು. ಹಿಂದಿನ ಎರಡು ಟೈರುಗಳು ಹೊಸವಾಗಿದ್ದು ಮುಂದಿನವು ಸವೆದಿದ್ದರೆ, ಅಡ್ಡಳತೆಯಲ್ಲಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸವು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸುತ್ತಳತೆಯಲ್ಲಿ ಅದು ಮೂರು ಸೆಂಟಿಮೀಟರಿಗೂ ಮಿಕ್ಕುವುದು. 71 ಸೆಂಟಿಮೀಟರು ಅಡ್ಡಳತೆಯ ಚಕ್ರವು ಒಂದು ಕಿಲೋಮೀಟರಿಗೆ 448 ಸುತ್ತು ತಿರುಗಿದರೆ, 70 ಸೆಂಟಿಮೀಟರಿನದು ಸುಮಾರು 455 ಸುತ್ತು ತಿರುಗಬೇಕು. ಕಿಲೋಮೀಟರಿಗೆ ಆರು ಸುತ್ತಿಗೂ ಹೆಚ್ಚಾದ ಹುರಿಯನ್ನು ಯಾವ ಪೆಟ್ಟಿಗೆ ತಾನೇ ತಾಳೀತು! ಆದಕಾರಣ ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿಯೂ, ಸವೆತದಲ್ಲಿ ಸಮನಾಗಿಯೂ, ಅಚ್ಚುಗಳಿಗೆ ತಕ್ಕ ಗಾಳಿಯುಳ್ಳವಾಗಿಯೂ ಇವೆಯೇ ಎಂದು ದಾರದಿಂದ ಸುತ್ತಳತೆ ಹಿಡಿದು ಮೊದಲು ನೋಡತಕ್ಕದ್ದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಲಿವರು ಕಚ್ಚಿಕೊಂಡಾಗ ಅದನ್ನು ಕಾಲಿನಿಂದ ಒದೆಯುವುದಾಗಲಿ ಕಬ್ಬಿಣದ ಕೊಳವೆಯನ್ನು ತೊಡಿಸಿ ಎಳೆಯುವುದಾಗಲಿ ಕೂಡದು. ಒಳಗಿನ ಕವಲು ಬಾಗಿ, ಇಲ್ಲದ ದೋಷವನ್ನು ನಾವೇ ಉಂಟುಮಾಡಿದಂತಾಗುವುದು. ವಾಹನವನ್ನು ನೆಟ್ಟಗೆ ಹತ್ತಿಪ್ಪತ್ತು ಅಡಿ ಹಿಂದಕ್ಕೆ ನಡೆಸಿ, ಕ್ಲಚ್ಚನ್ನು ತುಳಿದು ಲಿವರನ್ನು ಮೆಲ್ಲನೆ ಎಳೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುವುದು. ಒಂದು ಪಕ್ಕದ ಚಕ್ರಗಳನ್ನು ರಸ್ತೆಯ ಬದಿಯ ಸಡಿಲ ಮಣ್ಣಿನ ಮೇಲೆ ಓಡಿಸಿದರೂ ಹುರಿಯು ಬಿಚ್ಚುವುದು. ಚಾಮರಾಜನಗರದಿಂದ ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲ, ಈರೋಡುಗಳ ಕಡೆಗೆ ಹೋಗುವವರು ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ಆ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಇಳಿಜಾರಿಗೆ ಹಿಡಿತವಿರಲೆಂದು ಡಾಮರಿನ ಮೇಲೆ ನಾಲ್ಕು ಚಕ್ರದ ನಿಧಾನದ ಓಟವನ್ನು ಹಾಕಿದರೆ ಒಂದೊಂದು ತಿರುವಿನಲ್ಲಿಯೂ ಹುರಿಯು ಏರುತ್ತಲೇ ಹೋಗುವುದು. ಅಲ್ಲಿ ಎರಡು ಚಕ್ರದ ಓಟದಲ್ಲಿದ್ದುಕೊಂಡು, ಗೇರ್ ಬಾಕ್ಸಿನ ಕೆಳಗಿನ ಗೇರಿನಲ್ಲಿ ಇಳಿಯುವುದೇ ಸರಿಯಾದ ಕ್ರಮ.

ಇನ್ನು ಸದ್ದಿನ ವಿಚಾರ. ಸ್ಪೈಸರ್ 18 ಪೆಟ್ಟಿಗೆಯಲ್ಲಿ ವೇಗದ ಓಟದಲ್ಲಿಯೂ ಬಲವು ನಡುವಿನ ಹಲ್ಲುಚಕ್ರದ ಮೂಲಕವೇ ಹಾಯಬೇಕಾಗಿರುವುದರಿಂದ, ಹೊಸದಾಗಿದ್ದಾಗಲೂ ಅದರಲ್ಲಿ ಒಂದು ಬಗೆಯ ಕೊರಗುವ ದನಿ ಇದ್ದೇ ಇರುವುದು. ಬಹುಕಾಲದಿಂದ ಒಂದೇ ತೆರನಾಗಿರುವ ದನಿಗೆ ಹೆದರಬೇಕಾಗಿಲ್ಲ. ಹೊಸದಾಗಿ ಹುಟ್ಟಿದ ಸದ್ದು, ದಿನದಿನಕ್ಕೆ ಏರುವ ಸದ್ದು, ಇವನ್ನು ಮಾತ್ರ ವಿಚಾರಿಸಬೇಕು. ನೆಟ್ಟನೆಯ ರಸ್ತೆಯಲ್ಲಿ ವಾಹನವು ಓಡುತ್ತಿರುವಾಗಲೇ ಕ್ಲಚ್ಚನ್ನು ತುಳಿದು ಎಂಜಿನ್ನಿನ ಓಟವನ್ನು ಇಳಿಸಿರಿ. ಸದ್ದು ಎಂಜಿನ್ನಿನೊಂದಿಗೆ ಇಳಿದರೆ ಅದು ಎಂಜಿನ್ನಿನ ಅಥವಾ ಕ್ಲಚ್ಚಿನ ಕಡೆಯದು. ಚಕ್ರದ ವೇಗದೊಂದಿಗೆ ಮುಂದುವರಿದರೆ ಹಿಂದಿನ ಭಾಗಗಳದ್ದು. ಹಾಗೆಂದ ಮಾತ್ರಕ್ಕೆ ಪೆಟ್ಟಿಗೆಯದೇ ಎಂದು ಹೇಳುವಂತಿಲ್ಲ. ವೇಗದೊಡನೆ ಏರುವ ನಡುಕವೂ, ಹೊರಡುವಾಗ “ಟಣ್” ಎಂಬ ಪೆಟ್ಟೂ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಸವೆದುದರಿಂದ ಬರುವುವು. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ನನ್ನು ನಿಲ್ಲಿಸಿ, ಶಾಫ್ಟನ್ನು ಕೈಯಿಂದ ಹಿಡಿದು ತಿರುವಿ ನೋಡಿದರೆ ಕ್ರಾಸಿನ ಸಡಿಲವು ಬೆರಳಿಗೇ ತಿಳಿಯುವುದು. ಅದರ ಬದಲು ಪೆಟ್ಟಿಗೆಯ ಬಾಯಲ್ಲಿರುವ ಕವಲೇ ಮೇಲೆ ಕೆಳಗೆ ಆಡಿದರೆ, ಅಲ್ಲಿಯ ನಟ್ಟು ಸಡಿಲವಾಗಿರಬೇಕು, ಇಲ್ಲವೆ ಬೇರಿಂಗು ಸವೆದಿರಬೇಕು.

ಕ್ರಾಸುಗಳು ಸರಿಯಾಗಿದ್ದರೆ, ಲಿವರುಗಳ ಒಂದೊಂದು ಸ್ಥಾನದಲ್ಲಿಯೂ ವಾಹನವನ್ನು ನಡೆಸಿ ಸದ್ದನ್ನು ಹೋಲಿಸತಕ್ಕದ್ದು. ಮುಂದಿನ ಅಚ್ಚನ್ನು ಸೇರಿಸಿ ನೋಡುವ ಪರೀಕ್ಷೆಯನ್ನು ಮಣ್ಣಿನ ನೆಲದ ಮೇಲೆಯೇ ಮಾಡಬೇಕು. ನಿಧಾನದ ಓಟದಲ್ಲಿ ಮಾತ್ರ ಸದ್ದಾದರೆ ಆ ಓಟದ ಹಲ್ಲುಗಳು ಕೆಟ್ಟಿವೆ. ಮುಂದಿನ ಅಚ್ಚನ್ನು ಸೇರಿಸಿದಾಗ ಮಾತ್ರ ಸದ್ದಾದರೆ ಮುಂದಿನ ಶಾಫ್ಟನ್ನೂ ಮುಂದಿನ ಅಚ್ಚನ್ನೂ ಮೊದಲು ನೋಡಬೇಕು. ಎಲ್ಲ ಸ್ಥಾನಗಳಲ್ಲಿಯೂ ಒಂದೇ ಸಮನೆ ಗೊರಗೊರ ಎಂದರೆ, ನಡುವಿನ ಹಲ್ಲುಚಕ್ರದ ಒಳಗಿರುವ ಸೂಜಿಯಂಥ ರೋಲರುಗಳೂ ಅವು ಕುಳಿತಿರುವ ದಂಡವೂ ಸವೆದಿರುವ ಸಂಭವವೇ ಹೆಚ್ಚು.

ಎಣ್ಣೆಯನ್ನು ನೋಡದೆ ಈ ತೀರ್ಮಾನಕ್ಕೆ ಬರಬಾರದು. ಬಂಡಿಯ ಅಚ್ಚಿಗೆ ಕೀಲೆಣ್ಣೆಯಿಲ್ಲದಿದ್ದರೆ ಅದು ಊರಿಗೆಲ್ಲ ಕೇಳಿಸುವಂತೆ ಕಿರುಚುವುದು. ಈ ಪೆಟ್ಟಿಗೆಯಾದರೋ ಬಹಳ ಕೆಟ್ಟ ಮೇಲೆಯೇ ಕೂಗುವುದು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ ಪಕ್ಕದ ಬಿರಟೆಯನ್ನು ಬಿಚ್ಚಿದಾಗ ಎಣ್ಣೆಯು ತೂತಿನ ಅಂಚಿನವರೆಗೂ ಇರಬೇಕು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳವನ್ನೋ ಕಾಲುವೆಯನ್ನೋ ದಾಟುವಾಗ ನೀರು ಸೇರಿದೆಯೆಂದು ತಿಳಿದು, ಆ ದಿನವೇ ಪೂರ್ತಿ ಬಸಿದು ಹೊಸದನ್ನು ತುಂಬಬೇಕು. ಬಸಿದ ಎಣ್ಣೆಯನ್ನು ಅಗಲವಾದ ತಟ್ಟೆಯಲ್ಲಿ ಹಿಡಿದು ಅಯಸ್ಕಾಂತವನ್ನು ಆಡಿಸಿರಿ. ಕಾಡಿಗೆಯಂಥ ನುಣ್ಣನೆಯ ಪುಡಿಯು ಅಂಟಿಕೊಂಡರೆ ಅದು ಸಹಜವಾದ ಸವೆತ. ಹಲ್ಲಿನ ಚೂರುಗಳೋ ಮುರಿದ ರೋಲರುಗಳೋ ಸಿಕ್ಕಿದರೆ ವಾಹನವನ್ನು ಮತ್ತೆ ಚಾಲೂ ಮಾಡದೆ ಪೆಟ್ಟಿಗೆಯನ್ನು ಬಿಚ್ಚಿಸಲೇಬೇಕು.

ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಗೇರ್ ಬಾಕ್ಸಿಗೂ ಈ ಪೆಟ್ಟಿಗೆಗೂ ಒಳಗಿನಿಂದಲೇ ಎಣ್ಣೆಯ ದಾರಿಯಿರುವುದು. ಆದುದರಿಂದ ಎರಡನ್ನೂ ಒಂದೇ ಸಲ ಬಸಿದು, ಎರಡಕ್ಕೂ ಬೇರೆಬೇರೆಯಾಗಿ ತುಂಬಬೇಕು. ಎಣ್ಣೆಯ ದಾರಿಗಳು ಬೇರೆಯಾಗಿರುವ ಮಾದರಿಗಳಲ್ಲಿ ಒಂದರ ಮಟ್ಟವು ಇಳಿದು ಮತ್ತೊಂದರದು ಏರಿದ್ದರೆ ನಡುವಣ ಸೀಲು ಸೋತಿದೆಯೆಂದರ್ಥ. ಎಣ್ಣೆಯು 90ನೆಯ ನಂಬರಿನ ಗೇರ್ ಆಯಿಲ್ ಆಗಿರಬೇಕು. ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಉಂಗುರಗಳಿರುವುದರಿಂದ ಡಬ್ಬಿಯ ಮೇಲೆ ಜಿ.ಎಲ್. 4 ಎಂದು ಬರೆದಿರುವುದನ್ನು ಕೇಳಿ ಪಡೆಯುವುದು ಲೇಸು.

ಲಿವರು ಹಾಕಿದ ಸ್ಥಾನದಿಂದ ತಾನಾಗಿಯೇ ಜಿಗಿದು ಹೊರಬರುವ ದೋಷದಲ್ಲಿ, ಮೊದಲು ನೋಡಬೇಕಾದುದು ನೆಲಹಲಗೆಯನ್ನು. ತುಕ್ಕು ಹಿಡಿದ ಹಲಗೆಗೆ ಬೇರೆ ತಗಡು ಹೊಡೆಸಿದ ಮೇಲೆ ಲಿವರಿಗೆ ಪೂರ್ತಿ ಸರಿಯಲು ಎಡೆ ಸಾಲದೆ, ಹಲ್ಲುಗಳು ಅರ್ಧ ಮಾತ್ರ ಸೇರಿಕೊಂಡಿರುವುದುಂಟು. ಆ ಬಳಿಕ ಪೆಟ್ಟಿಗೆಯನ್ನು ಹೊತ್ತಿರುವ ರಬ್ಬರುಗಳನ್ನು ನೋಡಬೇಕು. ಅವು ಹರಿದಿದ್ದರೆ ಎಳೆತ ಬಿದ್ದಾಗಲೆಲ್ಲ ಪೆಟ್ಟಿಗೆಯೇ ಹೊರಳಿ ಲಿವರನ್ನು ತಳ್ಳಿಬಿಡುವುದು. ಇವೆರಡೂ ಸರಿಯಾಗಿದ್ದರೆ, ಲಿವರಿನ ಸರಳನ್ನು ಗೂಡಿನಲ್ಲಿ ಒತ್ತಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗುಗಳು ಸೋತಿರಬಹುದು. ಇದು ಅಲ್ಪ ವೆಚ್ಚದ ಕೆಲಸ. ಹಲ್ಲುಗಳ ತುದಿಯು ಮೊಂಡಾಗಿದ್ದರೆ ಮಾತ್ರ ದೊಡ್ಡ ರಿಪೇರಿಗೆ ಸಿದ್ಧರಾಗಬೇಕು. ಓಡುತ್ತಿರುವಾಗಲೇ ನಿಧಾನದ ಓಟಕ್ಕೆ ಲಿವರನ್ನು ಎಳೆಯುವ ಚಾಲಕನಿಂದ ಈ ಹಾನಿಯು ಉಂಟಾಗುವುದು. ವಾಹನವನ್ನು ಪೂರ್ತಿ ನಿಲ್ಲಿಸಿಯೇ ಆ ಓಟಕ್ಕೆ ಹಾಕಬೇಕೆಂದು ಚಾಲಕನಿಗೆ ಯಜಮಾನರು ಕಟ್ಟುನಿಟ್ಟಾಗಿ ಹೇಳತಕ್ಕದ್ದು.

ನಾಲ್ಕು ಚಕ್ರದ ಲಿವರು ಹಾಕಿದ್ದರೂ ಮುಂದಿನ ಚಕ್ರಗಳು ಎಳೆಯದಿದ್ದರೆ ಹೀಗೆ ಪರೀಕ್ಷಿಸಿರಿ. ಹಿಂದಿನ ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟು, ಕೈಬ್ರೇಕನ್ನು ಎಳೆದು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಲಿವರನ್ನು ನಾಲ್ಕು ಚಕ್ರಕ್ಕೆ ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿರಿ. ಎಲ್ಲವೂ ಸರಿಯಾಗಿದ್ದರೆ ಅದು ತಿರುಗಲಾರದು. ಚಕ್ರದೊಡನೆ ಮುಂದಿನ ಶಾಫ್ಟೂ ತಿರುಗಿದರೆ ಪೆಟ್ಟಿಗೆಯು ಸೇರಿಕೊಂಡಿಲ್ಲ. ಶಾಫ್ಟು ನಿಂತಿದ್ದು ಚಕ್ರ ಮಾತ್ರ ತಿರುಗಿದರೆ ದೋಷವು ಅಚ್ಚಿನಲ್ಲಿಯೋ ಚಕ್ರದ ಗುಂಬದಲ್ಲಿಯೋ ಇದೆ. ಬೇಕಾದಾಗ ಬಿಡಿಸಿಡುವ ಬೀಗದ ಗುಂಬಗಳನ್ನು ಹಾಕಿಸಿಕೊಂಡಿರುವವರು, ಅವನ್ನು ಬೀಗದ ಸ್ಥಾನಕ್ಕೆ ತಿರುಗಿಸಿದ್ದೇವೆಯೇ ಎಂಬುದನ್ನು ಎಲ್ಲಕ್ಕೂ ಮೊದಲು ನೋಡಿಕೊಳ್ಳಬೇಕು. ಇದನ್ನು ಮರೆತು ಪೆಟ್ಟಿಗೆಯನ್ನು ಬಿಚ್ಚಿಸುವುದು ನಗೆಗೀಡಾದ ಕೆಲಸ.

ಸೋರಿಕೆಯನ್ನು ಕೊನೆಗಿಟ್ಟುದು ಅದು ಸಣ್ಣದೆಂದಲ್ಲ, ಪ್ರಾಣಾಪಾಯಕ್ಕೆ ಹತ್ತಿರವಾದುದೆಂದು. ಈ ಜೀಪುಗಳ ಕೈಬ್ರೇಕು ಚಕ್ರಗಳಲ್ಲಿರದೆ, ಪೆಟ್ಟಿಗೆಯ ಹಿಂಬಾಯಿಯಲ್ಲಿ, ಹಿಂದಿನ ಶಾಫ್ಟು ಸೇರುವ ಕಡೆಯಲ್ಲಿ ಇರುತ್ತದೆ. ಅಲ್ಲಿಯ ಆಯಿಲ್ ಸೀಲು ಸೋರಿದರೆ ಎಣ್ಣೆಯು ನೇರವಾಗಿ ಬ್ರೇಕಿನ ಡ್ರಮ್ಮಿನೊಳಕ್ಕೆ ಇಳಿದು ಪಟ್ಟಿಗಳನ್ನು ನೆನೆಸಿಬಿಡುವುದು. ಲಿವರು ಎಂದಿನಂತೆ ಬಿಗಿಯಾಗಿ ನಿಂತರೂ ಹಿಡಿತವು ಇರುವುದಿಲ್ಲ. ಗುಂಡ್ಲುಪೇಟೆಯ ಕಡೆಯ ಇಳಿಜಾರಿನ ಹೊಲವೊಂದರಲ್ಲಿ ಅರಿಸಿನದ ಮೂಟೆಗಳನ್ನು ಹೇರುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಚಾಲಕನು ಕೈಬ್ರೇಕನ್ನು ಎಳೆದು, ಗೇರಿನಲ್ಲಿ ನಿಲ್ಲಿಸಿ ಇಳಿದಿದ್ದಾನೆ. ಆದರೆ ಪೆಟ್ಟಿಗೆಯ ಲಿವರು ನ್ಯೂಟ್ರಲ್ಲಿನಲ್ಲಿ ಉಳಿದಿದೆ. ಲಿವರು ಹಾಗಿರುವಾಗ ಗೇರಿನಲ್ಲಿ ನಿಲ್ಲಿಸಿದುದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವೇ ಕಡಿದುಹೋಗಿದೆ. ಎಣ್ಣೆಯಲ್ಲಿ ನೆನೆದ ಕೈಬ್ರೇಕೊಂದೇ ಆ ಭಾರವನ್ನೆಲ್ಲ ಹಿಡಿಯಬೇಕಾಗಿದೆ. ಮೂಟೆ ಹೊರುವ ಆಳುಗಳು ನಿಂತಿರುವುದಾದರೋ ವಾಹನದ ಹಿಂದೆ.

ಮತ್ತೊಂದು ಸಂಗತಿಯನ್ನು ಹಲವರು ಅರಿಯರು. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದೊಡನೆಯೇ, ಕೈಬ್ರೇಕು ಎಷ್ಟೇ ಚೆನ್ನಾಗಿದ್ದರೂ ಅದು ವಾಹನವನ್ನು ಹಿಡಿಯಲಾರದು. ಶಾಫ್ಟು ನಿಂತಿದ್ದರೂ ಡಿಫರೆನ್ಷಿಯಲ್ಲಿನ ಮೂಲಕ ನೆಲದ ಮೇಲಿನ ಚಕ್ರವು ಒಂದು ಕಡೆಗೂ ಎತ್ತಿದ ಚಕ್ರವು ಮತ್ತೊಂದು ಕಡೆಗೂ ತಿರುಗಿಕೊಳ್ಳಬಹುದು. ಹಿಂದಿನ ಶಾಫ್ಟನ್ನು ಕಳಚಿದಾಗಲೂ ಹಾಗೆಯೇ, ಕೈಬ್ರೇಕು ಇಲ್ಲವಾದಂತೆಯೇ ಸರಿ. ಆದುದರಿಂದ ಕಲ್ಲುಗಳನ್ನು ಕೊಡದೆ, ಮರದ ದಿಮ್ಮಿಯ ಆಸರೆಯಿಲ್ಲದೆ, ಬರಿಯ ಜಾಕನ್ನು ನಂಬಿ ಯಾರನ್ನೂ ಜೀಪಿನ ಕೆಳಕ್ಕೆ ನುಗ್ಗಿಸಕೂಡದು. ಹಳ್ಳಿಗಳಲ್ಲಿ ಹುಡುಗರನ್ನು ಈ ಕೆಲಸಕ್ಕೆ ಕರೆಯುವ ಅಭ್ಯಾಸವಿದೆ, ಅದನ್ನು ನಿಲ್ಲಿಸಬೇಕು.

ಎಣ್ಣೆಯು ಎಲ್ಲಿಂದ ಬರುತ್ತಿದೆಯೆಂದು ತಿಳಿಯುವುದಕ್ಕೆ, ಪೆಟ್ಟಿಗೆಯ ಹೊರಮೈಯನ್ನು ಸೀಮೆಎಣ್ಣೆಯಿಂದ ತೊಳೆದು ಬಟ್ಟೆಯಲ್ಲಿ ಒರಸಿ, ಎಂಟು ಹತ್ತು ಮೈಲಿ ಓಡಿಸಿ ಮತ್ತೆ ನೋಡಬೇಕು. ತಳದ ತಗಡಿನ ಅಂಚು, ನಡುವಿನ ದಂಡದ ತುದಿ, ಲಿವರಿನ ಸರಳುಗಳು ಹೊರಬರುವ ಕಂಡಿಗಳು, ಮುಂದು ಹಿಂದಿನ ಬಾಯಿಗಳು, ಇವೇ ಸೋರುವ ಸ್ಥಳಗಳು. ಗಾಳಿಯಾಡುವ ಕಿಂಡಿಯಿರುವ ಮಾದರಿಗಳಲ್ಲಿ ಅದಕ್ಕೆ ಕೆಸರು ತುಂಬಿದ್ದರೆ, ಪೆಟ್ಟಿಗೆಯು ಬಿಸಿಯೇರಿದಾಗ ಒಳಗಿನ ಗಾಳಿಯು ಹಿಗ್ಗಿ ಒಳ್ಳೆಯ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುವುದು. ಆಗ ಒಂದು ಕಡ್ಡಿಯಿಂದ ಕಿಂಡಿಯನ್ನು ಬಿಡಿಸಿದರೆ ಸಾಕು.

ಮಾರುತಿ ಜಿಪ್ಸಿಯ ಪೆಟ್ಟಿಗೆಯು ಗೇರ್ ಬಾಕ್ಸಿಗೆ ಅಂಟಿಕೊಂಡಿರದೆ, ಬೇರೆಯಾಗಿ ರಬ್ಬರುಗಳ ಮೇಲೆ ಕುಳಿತು, ನಡುವೆ ಒಂದು ಗಿಡ್ಡ ಶಾಫ್ಟಿನಿಂದ ಸೇರಿರುತ್ತದೆ. ಆ ವಾಹನದಲ್ಲಿ ನಡುಕವಾಗಲಿ ಲಿವರಿನ ಜಿಗಿತವಾಗಲಿ ಕಂಡರೆ ಈ ರಬ್ಬರುಗಳನ್ನೂ ಗಿಡ್ಡ ಶಾಫ್ಟಿನ ಕ್ರಾಸುಗಳನ್ನೂ ಮೊದಲು ನೋಡಬೇಕು. ಉಳಿದ ಪರೀಕ್ಷೆಗಳು ಅದಕ್ಕೂ ಬಹುಮಟ್ಟಿಗೆ ಸಲ್ಲುವುವು.

ಇಷ್ಟೆಲ್ಲ ನೋಡಿಯೂ ದೋಷವು ಒಳಗಿನದೇ ಎಂದು ಗೊತ್ತಾದರೆ, ಯಾವ ಲಿವರು ಯಾವ ಸ್ಥಾನದಲ್ಲಿದ್ದಾಗ, ಏರಿನಲ್ಲೋ ಇಳಿಜಾರಿನಲ್ಲೋ, ಯಾವ ಬಗೆಯ ಸದ್ದಾಯಿತು, ಎಣ್ಣೆಯಲ್ಲಿ ಏನು ಸಿಕ್ಕಿತು ಎಂಬುದನ್ನು ಒಂದು ಕಾಗದದ ಮೇಲೆ ಬರೆದು ಮೆಕ್ಯಾನಿಕ್ಕಿನ ಕೈಗೆ ಕೊಡತಕ್ಕದ್ದು. ನಡುವಿನ ಹಲ್ಲುಚಕ್ರವನ್ನು ಬದಲಾಯಿಸುವುದಾದರೆ ದಂಡ, ರೋಲರುಗಳು, ಪಕ್ಕದ ಬಿಲ್ಲೆಗಳು, ಇವನ್ನೂ ಜೊತೆಯಲ್ಲಿಯೇ ಬದಲಾಯಿಸಬೇಕು. ಸವೆದ ದಂಡದ ಮೇಲೆ ಹೊಸ ರೋಲರು ಬಾಳುವುದಿಲ್ಲ. ಕೆಳಗಿನ ದಂಡಕ್ಕೆ ಹಿಂದುಮುಂದಿನ ಆಟವು 0.004ರಿಂದ 0.008 ಅಂಗುಲದಷ್ಟು ಇರುವಂತೆ ತೆಳುವಾದ ತಗಡುಗಳನ್ನು ಕೊಟ್ಟು ಸರಿಪಡಿಸಬೇಕಾಗಿರುವುದರಿಂದ, ಬಿಚ್ಚುವಾಗ ಬಂದ ತಗಡುಗಳನ್ನು ಎಣಿಸಿಟ್ಟುಕೊಳ್ಳುವಂತೆ ಮೊದಲೇ ಹೇಳಿರಬೇಕು. ಹಿಂಬಾಯಿಯ ಸೀಲನ್ನು ಹೊಸದಾಗಿ ಹಾಕಿಸಿದಾಗ, ಎಣ್ಣೆ ಕುಡಿದ ಕೈಬ್ರೇಕಿನ ಪಟ್ಟಿಗಳನ್ನು ತೊಳೆದು ಮತ್ತೆ ಕೂರಿಸಲು ಬಿಡದೆ, ಹೊಸ ಪಟ್ಟಿಗಳನ್ನೇ ಹಾಕಿಸಿ, ಊರಿಗೆ ಹೊರಡುವ ಮುನ್ನ ಒಂದು ಇಳಿಜಾರಿನಲ್ಲಿ ನಿಲ್ಲಿಸಿ ಹಿಡಿತವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.